ಸುಣ್ಣದ ಗುಳಿಗೆ

ನನ್ನ ಗಂಡನಿಗೆ ಕೊಟ್ಟದ್ದು ಔಷಧವೋ ಸುಣ್ಣವೋ, ಅದನ್ನು ತಿಳಿದುಕೊಳ್ಳದೆ ಸಾಯುವುದಿಲ್ಲ ಅಂತ ನಾನು ಹಟ ಹಿಡಿದಿದ್ದೆ. ಅಂಥಿಂಥ ಹಟವಲ್ಲ. ಮನೋಳಿಯ ನಮ್ಮ ಓಣಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಸತ್ಯವ್ವನ ಬಾಯಿಗೆ ಸಿಗಬೇಡಿ ಅಂತಲೇ ಹೇಳುತ್ತಾರೆ. "ಅಪ್ಪ ಹೋಗಿಬಿಟ್ಟ, ಇನ್ನ ಬಿಡ ಯವ್ವಾ" ಅಂದದ್ದಕ್ಕೆ ಹೊಟ್ಟೆಯಲ್ಲಿ ಹುಟ್ಟಿದ ಮಗ ಗೌರೀಶನಿಗೂ ಮಂಗಳಾರತಿ ಮಾಡಿದ್ದೆ. ಬಿಡುವುದಕ್ಕೆ ಅದೇನು ಹರಿದ ಚಪ್ಪಲಿಯೇ?

ಗುಳಿಗೆಯ ಕತೆ ಶುರುವಾದದ್ದು ನಮ್ಮ ಮನೆಯ ಕಟ್ಟೆಯ ಮೇಲೆ. ಬೈಲಹೊಂಗಲದಲ್ಲಿ ಡಾಕ್ಟರುಗಳು ಬಾಡಿಗೆ ಮನೆ ಹಿಡಿದು ಔಷಧ ಸಂಶೋಧನೆಯ ಆಫೀಸು ಮಾಡಿದ್ದರು. ಅಲ್ಲಿಂದ ಸಪ್ನಾ ಅನ್ನುವ ಹುಡುಗಿ ಸ್ಕೂಟಿಯ ಮೇಲೆ ಊರೂರು ತಿರುಗುತ್ತಿದ್ದಳು. ಐವತ್ತೈದು ದಾಟಿದ, ಇನ್ನೂ ಎದೆನೋವು ಕಾಣದ ಜನ ಆಕೆಗೆ ಬೇಕಾಗಿತ್ತು. ನಮ್ಮ ಮನೆಯವರು, ಶಂಕ್ರೆಪ್ಪ, ಆಕೆಯನ್ನು ಕರೆದು ಕೂರಿಸಿ ಚಹಾ ಮಾಡಿಸಿದರು. ಮಾತು ಅಂದರೆ ಅವರಿಗೆ ಊಟ ಬೇಡ.

"ಕಾಕಾ, ಬಿಪಿ ಇಳಿಸೂ ಔಷಧ, ಕೊಬ್ಬು ಇಳಿಸೂ ಔಷಧ, ಎಲ್ಲಾ ಸ್ವಲ್ಪ ಸ್ವಲ್ಪ ಕೂಡಿಸಿ ಒಂದ ಗುಳಿಗಿ ಮಾಡ್ಯಾರ" ಎಂದಳು ಸಪ್ನಾ. "ದಿನಾ ಒಂದು ನುಂಗಿದ್ರ ಹಾರ್ಟ್ ಅಟ್ಯಾಕ್ ಕಡಿಮಿ ಆಗತಾವೋ ಇಲ್ಲೋ ನೋಡೂದೈತಿ. ಅರ್ಧಾ ಮಂದಿಗೆ ಔಷಧ ಇರೂ ಗುಳಿಗಿ ಕೊಡತೇವಿ, ಅರ್ಧಾ ಮಂದಿಗೆ ಬರೇ ಹಿಟ್ಟಿನ ಗುಳಿಗಿ. ನೋಡಾಕ ಎರಡೂ ಒಂದ ನಮೂನಿ ಇರತಾವ."

"ನನಗ ಯಾವದು ಬರತೈತಿ?" ಎಂದು ಅವರು ಕೇಳಿದರು.

"ಅದು ನನಗೂ ಗೊತ್ತಾಗೂದಿಲ್ಲ, ಡಾಕ್ಟರಿಗೂ ಗೊತ್ತಾಗೂದಿಲ್ಲ. ಚೀಟಿ ಎತ್ತಿಧಂಗ ಕಂಪ್ಯೂಟರ್ ಆರಸ್ತೈತಿ. ಬಾಟಲಿ ಮ್ಯಾಲ ಬರೇ ನಂಬರ್ ಇರತೈತಿ."

ನನಗೆ ಇದು ಮೊದಲಿನಿಂದಲೂ ಸೇರಲಿಲ್ಲ. ಬೇಕಂತಲೇ ಹಿಟ್ಟು ತಿನ್ನಿಸುವುದು ಯಾವ ಸೀಮೆಯ ವೈದ್ಯ? ಅವರು ಮಾತ್ರ ನಕ್ಕರು. "ಬೀಜದ ಕಂಪನಿಯವರು ಏನ್ ಮಾಡತಾರ? ಒಂದ ಪಟ್ಟಿಗೆ ಹೊಸಾ ಬೀಜ, ಬಾಜೂಕ ಹಳೇ ಬೀಜ. ಎರಡೂ ಬಾಜೂ ಬಾಜೂ ನಿಂತಾಗನ ಖರೇ ಕಾಣತೈತಿ. ಯಾರರ ಹಳೇ ಬೀಜದ ಪಟ್ಟಿ ಆಗಬೇಕಲ್ಲ" ಅಂದರು. ಊರಲ್ಲಿ ಯಾವ ಹೊಸ ಬೀಜ ಬಂದರೂ ಮೊದಲು ಬಿತ್ತುತ್ತಿದ್ದವರು ಅವರೇ. ಸಹಿ ಹಾಕಿದರು. ಅವರ ಪಕ್ಕದಲ್ಲೇ ಕುಳಿತಿದ್ದ ಅಲ್ಲಾಸಾಬಣ್ಣನೂ ಸಹಿ ಹಾಕಿದರು.

ಅಲ್ಲಾಸಾಬಣ್ಣ ಅಂದರೆ ನಮ್ಮ ಪಕ್ಕದ ಹೊಲದವರು. ನಮ್ಮ ಮನೆಯಲ್ಲಿ ಒಂದು ಎತ್ತು, ಅವರ ಮನೆಯಲ್ಲಿ ಒಂದು ಎತ್ತು. ರಂಟೆ ಹೊಡೆದು ನೆಲ ಉಳುವುದಕ್ಕೆ ಟ್ರ್ಯಾಕ್ಟರ್ ಬಂದಿದೆ, ಆದರೆ ಬೆಳೆಯ ಸಾಲಿನ ನಡುವೆ ಕಳೆ ತೆಗೆಯಲು ಎಡೆ ಹೊಡೆಯುವುದಕ್ಕೆ ಇವತ್ತಿಗೂ ಎತ್ತೇ ಆಗಬೇಕು. ಎರಡು ಎತ್ತು ಸಾಕುವಷ್ಟು ಮೇವು ಇಬ್ಬರಿಗೂ ಇಲ್ಲ. ಹಾಗಾಗಿ ಎರಡನ್ನೂ ಕೂಡಿಸಿ ಜೋಡಿ ಮಾಡಿ, ಒಂದು ದಿನ ನಮ್ಮ ಹೊಲ, ಒಂದು ದಿನ ಅವರ ಹೊಲ. ಬದುವಿನ ಮೇಲೆ ಬುತ್ತಿ ಬಿಚ್ಚಿದರೂ ಅಷ್ಟೇ. ನಮ್ಮ ಜೋಳದ ರೊಟ್ಟಿ ಅರ್ಧ ಅತ್ತ, ಅವರ ಹೆಂಡತಿ ಜೈಬುನ್ನಿಸಾ ಕಟ್ಟಿದ ಚಪಾತಿ ಅರ್ಧ ಇತ್ತ. ಒಬ್ಬರು ತಿಂದು ಒಬ್ಬರು ನೋಡುವುದು ಆ ಇಬ್ಬರಿಗೆ ಗೊತ್ತಿರಲಿಲ್ಲ.

ಊರ ಮಂದಿಯ ಬಾಯಿಗೆ ಬಿದ್ದು ಹಿಟ್ಟಿನ ಗುಳಿಗೆ ಸುಣ್ಣದ ಗುಳಿಗೆ ಆಯಿತು. ಎದುರಿಗೆ ಸಿಕ್ಕವರೆಲ್ಲ "ಏನ್ ಶಂಕ್ರೆಪ್ಪ, ಸುಣ್ಣಾ ತಿಂದ್ಯಾ ಇವತ್ತ?" ಅಂತ ಚೇಷ್ಟೆ ಮಾಡುತ್ತಿದ್ದರು. "ಎಲಿ ಅಡಕಿ ಅದಾವ, ಸುಣ್ಣಾ ಒಂದ ಕಡಿಮಿ ಇತ್ತ ನೋಡಪಾ" ಅಂತ ಇವರೂ ನಗುತ್ತಿದ್ದರು. ಗುಳಿಗೆಯ ಬಾಟಲಿಯನ್ನು ಎಲೆ ಅಡಿಕೆಯ ಚಂಚಿಯಲ್ಲೇ ಇಟ್ಟುಕೊಂಡು ಹೊಲಕ್ಕೆ ಹೋಗುತ್ತಿದ್ದರು. ಸಪ್ನಾ ಬಂದು ಖಾಲಿ ಬಾಟಲಿ ಇಸಿದುಕೊಂಡು ತುಂಬಿದ್ದನ್ನು ಕೊಟ್ಟು ಹೋಗುತ್ತಿದ್ದಳು.

ಅವರು ಹೋದದ್ದು ಗೋವಿನಜೋಳಕ್ಕೆ ಎಡೆ ಹೊಡೆಯುವ ದಿನಗಳಲ್ಲಿ. "ಮಧ್ಯಾಹ್ನಕ್ಕ ಪುಂಡಿಪಲ್ಯಾ ಮಾಡು, ಬೆಳ್ಳೊಳ್ಳಿ ಜಾಸ್ತಿ ಹಾಕು" ಅಂತ ಹೇಳಿ ಹೋಗಿದ್ದರು. ನಾನು ಪುಂಡಿ ಸೊಪ್ಪು ಸೋಸುತ್ತ ಕುಳಿತಿದ್ದಾಗ ಊರ ಅಗಸೆಬಾಗಿಲ ಕಡೆಯಿಂದ ಕೂಗು ಕೇಳಿಸಿತು. ಹೊಲದಲ್ಲಿ ಎದೆ ಹಿಡಿದು ಬಿದ್ದ ಅವರನ್ನು ಅಲ್ಲಾಸಾಬಣ್ಣ ಹೆಗಲ ಮೇಲೆ ಹೊತ್ತು ರಸ್ತೆಗೆ ತಂದು, ಸಿಕ್ಕ ಟಂಟಂ ಒಂದರಲ್ಲಿ ಮಲಗಿಸಿ, ನನ್ನನ್ನು ಹತ್ತಿಸಿಕೊಂಡು ಸವದತ್ತಿ ದವಾಖಾನೆಗೆ ಹೊರಟರು. ನನ್ನ ತೊಡೆಯ ಮೇಲೆ ಅವರ ತಲೆ ಇತ್ತು. ಅಂಗಿಯೆಲ್ಲ ಬೆವರಿನಿಂದ ತೊಯ್ದು ಹೋಗಿತ್ತು. ಅವರು ಏನೋ ಹೇಳಬೇಕೆಂದು ತುಟಿ ಅಲ್ಲಾಡಿಸಿದರು, ಗಾಡಿಯ ಸದ್ದಿನಲ್ಲಿ ನನಗೆ ಏನೂ ಕೇಳಿಸಲಿಲ್ಲ. ಸವದತ್ತಿ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಮರುದಿನ ಹೊಲದಲ್ಲೇ ಮಣ್ಣು ಕೊಟ್ಟೆವು.

ದಿನಕರ್ಮ ಮುಗಿದ ಮೇಲೆ ಸಪ್ನಾ ಬಂದಳು. ಆಕೆಯ ಸ್ಕೂಟಿಯ ಸದ್ದು ಕೇಳಿದ್ದೇ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಎದ್ದಿತು.

"ಬಂದ್ಯಾ ತಾಯಿ? ಸುಣ್ಣಾ ತಿನ್ನಿಸಿ ಕೊಂದ್ರಿ. ಈಗ ಹೆಣದ ಲೆಕ್ಕ ಬರಕೊಳ್ಳಾಕ ಬಂದಿ?"

ಹುಡುಗಿ ಹೊಸ್ತಿಲ ಹೊರಗೇ ನಿಂತಳು. "ಬೈರಿ ಕಾಕೂ. ಬೈಸಿಕೊಳ್ಳಾಕ ಬಂದೇನಿ. ಕಾಕಾ ನನಗ ಬಂದಾಗೆಲ್ಲಾ ಚಹಾ ಕುಡಿಸ್ಯಾರ."

"ಬಾಟಲಿಯೊಳಗ ಏನಿತ್ತು, ಅಷ್ಟ ಹೇಳು."

"ನನಗ ಗೊತ್ತಿಲ್ಲ. ಆಣಿ ಮಾಡಿ ಹೇಳತೇನಿ. ಎಲ್ಲಾರದೂ ಮುಗಿದ ಮ್ಯಾಲನ ತಗದು ನೋಡೂದು. ಈಗ ಗೊತ್ತಾತಂದ್ರ ನಾವು ನೋಡೂ ಕಣ್ಣ ಬದಲಾಗತೈತಿ ಕಾಕೂ. ಔಷಧ ತಗೊಂಡಾವ್ರು ಎದಿ ಹಿಡಕೊಂಡ್ರ ಗ್ಯಾಸ್ ಅಂತೇವಿ, ಹಿಟ್ಟು ತಗೊಂಡಾವ್ರು ಹಿಡಕೊಂಡ್ರ ಹಾರ್ಟ್ ಅಂತೇವಿ. ಅದಕ್ಕ ಎಲ್ಲಾರೂ ಕಣ್ಣ ಕಟ್ಟಿಕೊಂಡಿರತೇವಿ."

"ನಿಮ್ಮ ಕಣ್ಣ ಬದಲಾಗಬಾರದು ಅಂತ ನನ್ನ ಕಣ್ಣ ಕಟ್ಟೀರಿ ಹೌದಿಲ್ಲೋ?" ಅಂದೆ. ಆಕೆ ಉಳಿದ ಬಾಟಲಿಯನ್ನು ಕೇಳಿ ತೆಗೆದುಕೊಂಡು ಹೋದಳು.

ಅದನ್ನು ಕೊಡುವ ಮುಂಚೆಯೇ ನಾನು ಒಂದು ಗುಳಿಗೆಯನ್ನು ನಾಲಿಗೆಗೆ ಹಚ್ಚಿ ನೋಡಿದ್ದೆ. ಔಷಧ ಅಂದಮೇಲೆ ಕಹಿ ಇರಬೇಕಲ್ಲ? ಸಪ್ಪಗಿತ್ತು. ಅವತ್ತೇ ನನ್ನ ಮನಸ್ಸಿನಲ್ಲಿ ತೀರ್ಪು ಆಗಿಹೋಯಿತು. ನಮ್ಮ ಮನೆಯವರಿಗೆ ಸುಣ್ಣ ಬಂದಿತ್ತು. ಯಾರೋ ಬದುಕಲಿ ಅಂತ ಇವರನ್ನು ಹಳೇ ಬೀಜದ ಪಟ್ಟಿ ಮಾಡಿ ಒಣಗಿಸಿದರು. ಹಾಲು ಕಾಯಿಸುವಾಗ, ಕಸ ಹೊಡೆಯುವಾಗ, ಯಾವಾಗ ನೆನಪಾದರೂ ಆ ಆಫೀಸಿಗೆ ನಾಲ್ಕು ಶಾಪ ಹಾಕುತ್ತಿದ್ದೆ. ಎರಡು ವರ್ಷ ಅದೇ ನನ್ನ ಪೂಜೆಯಾಗಿತ್ತು.

ಅಲ್ಲಾಸಾಬಣ್ಣ ಗೌರೀಶನ ಜೊತೆ ಮೊದಲಿನ ಹಾಗೆಯೇ ಎತ್ತು ಕೂಡಿಸಿ ಹೊಲ ಮಾಡುತ್ತಿದ್ದರು. ಆದರೆ ನಮ್ಮ ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಆ ಗುಳಿಗೆಯನ್ನೂ ಬಿಟ್ಟುಬಿಟ್ಟಿದ್ದರು. ಗೆಳೆಯನ ಸಾವು ನೋಡಿ ಹೆದರಿದ್ದಾರೆ ಅಂತ ನಾನು ತಿಳಿದುಕೊಂಡಿದ್ದೆ.

ಕೊನೆಗೆ ಒಂದು ದಿನ ಸಪ್ನಾ ಫೋನ್ ಮಾಡಿದಳು. ಸಂಶೋಧನೆ ಮುಗಿದಿದೆ, ಬೈಲಹೊಂಗಲದ ಆಫೀಸಿಗೆ ಬಂದರೆ ಯಾರಿಗೆ ಯಾವ ಗುಳಿಗೆ ಇತ್ತು ಎಂದು ಡಾಕ್ಟರೇ ಹೇಳುತ್ತಾರೆ ಅಂದಳು. ನಾನು ಹೋಗುವ ಸುದ್ದಿ ಓಣಿ ತುಂಬ ಹಬ್ಬಿತು. ಅವತ್ತು ಸಂಜೆ ಎತ್ತಿಗೆ ನೀರು ಕುಡಿಸುತ್ತಿದ್ದಾಗ ಅಲ್ಲಾಸಾಬಣ್ಣ ಹಿತ್ತಲ ಬಾಗಿಲಿನಿಂದ ಬಂದು ಮೇವಿನ ಗೋದಲಿಯ ಹತ್ತಿರ ನಿಂತರು.

"ತಂಗಿ, ನೀ ಹೋಗಬ್ಯಾಡ."

"ಯಾಕ ಹೋಗಬಾರದು?"

ಅವರು ಎತ್ತಿನ ಬೆನ್ನು ಸವರತೊಡಗಿದರು. ನನಗೆ ತಾಳ್ಮೆ ಎಲ್ಲಿಯದು? "ಬಾಯಾಗ ಏನ್ ಅಕ್ಕಿ ಹಾಕ್ಕೊಂಡೀರೇನ್ರಿ, ಹೇಳ್ರಿ" ಅಂದೆ.

"ನಾವಿಬ್ಬರೂ ಆ ಗುಳಿಗಿ ಅವರು ಹೇಳಿಧಂಗ ನುಂಗಲಿಲ್ಲ" ಎಂದರು. "ಮಂದಿ ಸುಣ್ಣಾ ಸುಣ್ಣಾ ಅನ್ನಾಕತ್ತಿದ ಮ್ಯಾಲ ಒಂದಿನ ಶಂಕ್ರೆಪ್ಪ ಅಂದ, 'ಅಲ್ಲಾಸಾಬ, ಒಬ್ಬಗ ಔಷಧ ಬಂದು ಇನ್ನೊಬ್ಬಗ ಸುಣ್ಣಾ ಬಂದಿದ್ರ? ಒಂದ ಎತ್ತಿಗೆ ಹಿಂಡಿ ಹಾಕಿ, ಒಂದಕ್ಕ ಬರೇ ಒಣಾ ಕಣಕಿ ಹಾಕಿದ್ರ ಜೋಡಿ ನಡೀತೈತೇನು?' ಅಂತ. ಬದುವಿನ ಮ್ಯಾಲ ಕುಂತು ಅಡಕತ್ತರಿ ತಗೊಂಡು ಅವನ ಗುಳಿಗಿ ಎರಡ ಹೋಳು, ನನ್ನ ಗುಳಿಗಿ ಎರಡ ಹೋಳು ಮಾಡಿದ. ಅದರಾಗಿಂದ ಅರ್ಧಾ, ಇದರಾಗಿಂದ ಅರ್ಧಾ. ಅವತ್ತಿನಿಂದ ದಿನಾ ಹಂಗ ತಿಂದಿವಿ. ಅಂವಾ ಹೋಗೂ ಮುಂಜಾನೇನೂ ಕತ್ತರಿಸಿದ್ದ."

ನನ್ನ ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟೆ. ಮೊದಲು ನನಗೆ ನಗುವೇ ಬಂತು. ಮುದುಕರಾಗುವ ಗಂಡಸರು, ಚಿಕ್ಕ ಮಕ್ಕಳು ಪೆಪ್ಪರಮಿಂಟು ಕಡಿದು ಹಂಚಿಕೊಂಡ ಹಾಗೆ! ಆಮೇಲೆ ಮನಸ್ಸು ಲೆಕ್ಕ ಹಾಕತೊಡಗಿತು. ಇಬ್ಬರಿಗೂ ಔಷಧ ಬಂದಿದ್ದರೆ, ಇಬ್ಬರಿಗೂ ಸುಣ್ಣ ಬಂದಿದ್ದರೆ, ಹಂಚಿಕೊಂಡದ್ದರಿಂದ ಏನೂ ಹೋಗಿಲ್ಲ. ಇವರದು ಸುಣ್ಣ, ಅಲ್ಲಾಸಾಬಣ್ಣನದು ಔಷಧ ಆಗಿದ್ದರೆ, ಅವರು ತಮ್ಮ ಪಾಲಿನ ಅರ್ಧ ನನ್ನ ಗಂಡನಿಗೆ ಕೊಟ್ಟಿದ್ದಾರೆ, ಅವರ ಋಣ ತೀರುವುದಲ್ಲ. ಆದರೆ ಅದು ತಿರುವುಮುರುವು ಆಗಿದ್ದರೆ? ಅಲ್ಲಾಸಾಬಣ್ಣ ಯಾಕೆ ನಮ್ಮ ಮನೆ ಮೆಟ್ಟಲು ಹತ್ತುತ್ತಿರಲಿಲ್ಲ ಅನ್ನುವುದು ಆಗ ತಿಳಿಯಿತು.

"ಹೋಗೂದಂತೂ ಹೋಗೂದ. ನೀವೂ ಬರ್ರಿ. ನಿಮ್ಮದು ಗೊತ್ತಾಗದ ನಂದು ಗೊತ್ತಾಗಿ ಏನ್ ಮಾಡಲಿ?" ಅಂದೆ.

ನೋಡಿ, ಮನುಷ್ಯರ ಹಣೆಬರಹ ಹೇಗಿರುತ್ತದೆ! ಎರಡು ವರ್ಷ ಯಾವ ಸುಣ್ಣವನ್ನು ಶಪಿಸಿದ್ದೆನೋ ಅದನ್ನೇ ಈಗ ಬೇಡಿಕೊಳ್ಳುವಂತಾಯಿತು. ಅವರದು ಸುಣ್ಣವೇ ಆಗಿರಲಿ ಶಿವನೇ, ಔಷಧವನ್ನು ಕೈಯಾರೆ ಕತ್ತರಿಸಿ ಕೊಟ್ಟು ಅವರು ಸತ್ತಿರದಿರಲಿ. ಬಸ್ಸು ಯರಗಟ್ಟಿ ದಾಟಿ ಬೈಲಹೊಂಗಲ ಮುಟ್ಟುವವರೆಗೂ ಇದೊಂದೇ ನನ್ನ ಬಾಯಲ್ಲಿತ್ತು. ಮುಂದಿನ ಸೀಟಿನಲ್ಲಿ ಕುಳಿತಿದ್ದ ಅಲ್ಲಾಸಾಬಣ್ಣನ ತುಟಿಯೂ ಅಲ್ಲಾಡುತ್ತಿತ್ತು. ಅವರು ಏನು ಬೇಡಿಕೊಳ್ಳುತ್ತಿದ್ದರು ಅಂತ ನಾನು ಕೇಳಬೇಕಾಗಿರಲಿಲ್ಲ.

ಆಫೀಸಿನಲ್ಲಿ ಅನ್ನಪೂರ್ಣಾ ಡಾಕ್ಟರು ಎದ್ದು ನಿಂತು ನಮಸ್ಕಾರ ಮಾಡಿದರು. ತಲೆಗೂದಲು ಹಣ್ಣಾದ, ಮೆತ್ತಗೆ ಮಾತಾಡುವ ಹೆಂಗಸು. ಜಗಳಕ್ಕೆ ಅಂತಲೇ ಎರಡು ವರ್ಷ ಮಾತು ಕೂಡಿಸಿಟ್ಟುಕೊಂಡಿದ್ದೆ, ಒಂದೂ ನೆನಪಿಗೆ ಬರಲಿಲ್ಲ.

"ಔಷಧದ ಗುಳಿಗಿ ತಗೊಂಡ ಗುಂಪಿನ್ಯಾಗ ಹಾರ್ಟ್ ಅಟ್ಯಾಕ್ ಕಡಿಮಿ ಆಗ್ಯಾವ" ಎಂದರು. "ಪೂರಾ ನಿಂತಿಲ್ಲ, ಕಡಿಮಿ ಆಗ್ಯಾವ. ಇದು ತಿಳಿದದ್ದು ನಿಮ್ಮಂಥಾವರಿಂದ." ಆಮೇಲೆ ಕಂಪ್ಯೂಟರ್ ನೋಡಿ, ನನ್ನ ಕಡೆ ತಿರುಗಿ ಹೇಳಿದರು. "ಶಂಕ್ರೆಪ್ಪ ಅವರದು ಔಷಧ ಇದ್ದ ಗುಳಿಗಿ ಇತ್ರಿ ಅಮ್ಮಾ. ಅವರಿಗೆ ಹಿಟ್ಟು ಕೊಟ್ಟಾರ ಅಂತ ನೀವು ನೊಂದುಕೊಂಡೀರಿ ಅಂತ ಸಪ್ನಾ ಹೇಳಿದ್ದಳು. ಹಂಗ ಆಗಿಲ್ಲ."

ಪಾಪ, ನನಗೆ ಸಮಾಧಾನ ಹೇಳುತ್ತಿದ್ದೇನೆ ಅಂತ ಆಕೆ ತಿಳಿದುಕೊಂಡಿದ್ದರು.

"ನಂದ್ರಿ?" ಎಂದರು ಅಲ್ಲಾಸಾಬಣ್ಣ. ಕೇಳುವ ಧ್ವನಿಯಲ್ಲೇ ಜೀವ ಇರಲಿಲ್ಲ.

"ನಿಮ್ಮದು ಔಷಧ ಇಲ್ಲದ್ದು."

ಅವರು ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನಾನೇ ಹೇಳಿದೆ. ಅಡಕತ್ತರಿ, ಬದು, ಅರ್ಧ ಅರ್ಧ, ಎಲ್ಲ. ಡಾಕ್ಟರ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. ಬಾಗಿಲಲ್ಲಿ ನಿಂತಿದ್ದ ಸಪ್ನಾ ಬಾಯಿಗೆ ಓಡಣಿ ಒತ್ತಿಕೊಂಡಳು.

"ತಪ್ಪು ನಮ್ಮದೂ ಐತಿ" ಎಂದರು ಡಾಕ್ಟರು. "ಬಾಟಲಿ ಖಾಲಿ ಆದ್ರ ನುಂಗ್ಯಾರ ಅಂತ ತಿಳಕೊಂಡಿವಿ. ಯಾರ ಜೋಡಿ ಕೂಡಿ ಉಣ್ಣತಾರ ಅಂತ ಕೇಳಲಿಲ್ಲ."

"ಈಗ ನನ್ನ ಗಂಡನ ಸಾವು ಯಾವ ಲೆಕ್ಕದಾಗ ಹೋತ್ರಿ ಡಾಕ್ಟರ್ ಬಾಯಾರ?"

"ಔಷಧ ತಗೊಂಡವರ ಲೆಕ್ಕದಾಗನ ಇರತೈತಿ. ಯಾರಿಗೆ ಯಾವದು ಬಂದಿತ್ತೋ ಆ ಗುಂಪಿನ್ಯಾಗನ ಎಣಸಬೇಕು. ನಮಗ ಬೇಕಾದಂಗ ಬದಲಿ ಮಾಡಾಕ ಬರೂದಿಲ್ಲ."

ಅಂದರೆ ನನ್ನ ಗಂಡ ಔಷಧ ತಿಂದೂ ಸತ್ತವರ ಲೆಕ್ಕ, ಅಲ್ಲಾಸಾಬಣ್ಣ ಹಿಟ್ಟು ತಿಂದೂ ಬದುಕಿದವರ ಲೆಕ್ಕ. ಎರಡೂ ಖರೆ, ಎರಡೂ ಸುಳ್ಳು. ನಾನು ಕೇಳಬೇಕಾದ ಮಾತು ಇನ್ನೊಂದೇ ಉಳಿದಿತ್ತು. "ಪೂರಾ ಗುಳಿಗಿ ನುಂಗಿದ್ರ ಅವರು ಉಳೀತಿದ್ರೇನ್ರಿ?" ಅಂತ ಕೇಳಿದೆ.

ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಗೊತ್ತಿಲ್ಲ ಅಮ್ಮಾ. ಪೂರಾ ನುಂಗಿದವರೂ ಹೋಗ್ಯಾರ, ಏನೂ ನುಂಗದವರೂ ಉಳದಾರ. ಸಾವಿರಾರು ಮಂದೀನ್ನ ಕೂಡಿಸಿ ನೋಡಿದ್ರ ನನಗ ಉತ್ತರ ಸಿಗತೈತಿ. ಒಬ್ಬರದು ಕೇಳಿದ್ರ ನನ್ನ ಕಡೆ ಉತ್ತರ ಇಲ್ಲ. ನಿಮಗ ಸುಳ್ಳು ಹೇಳಾಕ ನನಗ ಮನಸ್ಸಿಲ್ಲ."

ಅವರ ಮೇಲೆ ಸಿಟ್ಟು ಬರಲಿ ಅಂತ ಕಾದೆ. ಬರಲಿಲ್ಲ.

ಹಿಟ್ಟಿನ ಗುಳಿಗೆ ಬಂದಿದ್ದವರಿಗೆ ಈಗ ಔಷಧದ ಗುಳಿಗೆ ಕೊಡುತ್ತಿದ್ದರು. ಡಾಕ್ಟರು ಅಲ್ಲಾಸಾಬಣ್ಣನ ತೋಳಿಗೆ ಪಟ್ಟಿ ಕಟ್ಟಿ ನೋಡಿದರು, ಮುಖ ಗಂಟಿಕ್ಕಿದರು. ಬಿಪಿ ಏರಿದೆ, ಬಿಟ್ಟರೆ ಅಪಾಯ, ಇವತ್ತಿನಿಂದಲೇ ಶುರು ಮಾಡಿ ಅಂತ ಬಾಟಲಿ ಕೊಟ್ಟರು. ಅಲ್ಲಾಸಾಬಣ್ಣ ಅದನ್ನು ಮುಟ್ಟಲಿಲ್ಲ. ಟೋಪಿ ಹಾಕಿಕೊಂಡು ಎದ್ದು ಹೊರಗೆ ಹೋದರು. ಡಾಕ್ಟರು ಬಾಟಲಿಯನ್ನು ನನ್ನ ಕೈಗೆ ಕೊಟ್ಟು, "ನೀವರ ಹೇಳಿ ನೋಡ್ರಿ" ಅಂದರು.

ನಾನು! ನನಗೇ ಹೇಳುವುದು ನೋಡಿ.

ಹೊರಗೆ ಮಾರ್ಕೆಟ್ಟಿನ ಕಡೆ ಹೋಗುವ ರಸ್ತೆ. ಹತ್ತಿಯ ಚೀಲ ಹೇರಿದ ಗಾಡಿಗಳು ಒಂದರ ಹಿಂದೆ ಒಂದು ನಿಂತಿದ್ದವು. ಬೇವಿನ ಗಿಡದ ಕೆಳಗೆ ಅಲ್ಲಾಸಾಬಣ್ಣ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ನಾನು ಹತ್ತಿರ ಹೋದರೂ ತಲೆ ಎತ್ತಲಿಲ್ಲ.

"ನಾ ಅವನ ಉಸರ ತಿಂದೇನಿ ತಂಗಿ" ಎಂದರು. "ಇನ್ನ ಆ ಗುಳಿಗಿ ನನ್ನ ಗಂಟಲದಾಗ ಇಳಿಯೂದಿಲ್ಲ. ಏರಿದ್ರ ಏರಲಿ ಬಿಪಿ. ನಾನೂ ಹೋಗತೇನಿ."

ಹೌದು, ತಿಂದಿದ್ದೀರಿ ಅಂತ ಕೂಗಬೇಕೆನಿಸಿತು. ಸುಳ್ಳು ಯಾಕೆ ಹೇಳಲಿ, ಆ ಕ್ಷಣ ಆ ಮನುಷ್ಯನ ಮುಖ ಕಂಡರೆ ನನಗೆ ಹೊಟ್ಟೆ ಕಿಚ್ಚಾಯಿತು. ಇವರು ಉಸಿರಾಡುತ್ತ ಕುಳಿತಿದ್ದಾರೆ. ಜೈಬುನ್ನಿಸಾಳ ಕೈಯಲ್ಲಿ ಬಳೆ ಇವೆ. ನಮ್ಮವರು ಮಣ್ಣಿನೊಳಗಿದ್ದಾರೆ.

ಆದರೆ ಸಿಟ್ಟು ಅಲ್ಲಿ ನಿಲ್ಲಲಿಲ್ಲ. ಅವರನ್ನು ದಾಟಿ ಸತ್ತ ನನ್ನ ಗಂಡನ ಮೇಲೆ ಹೋಯಿತು. ಎತ್ತು ನಿಮ್ಮಿಬ್ಬರದು, ಎಡೆ ನಿಮ್ಮಿಬ್ಬರದು, ಸರಿ. ನಿಮ್ಮ ಜೀವವೂ ನಿಮ್ಮಿಬ್ಬರದೇ ಆಗಿತ್ತೇ? ದಿನಾ ಬುತ್ತಿ ಕಟ್ಟಿಕೊಟ್ಟವಳು ನಾನು. ಒಂದು ದಿನವಾದರೂ ಮನೆಗೆ ಬಂದು 'ಸತ್ಯವ್ವಾ, ಹಿಂಗ ಮಾಡಾಕತ್ತೇವಿ' ಅಂದಿರಾ? ಅಂದಿದ್ದರೆ ನಾನು ಆ ಅಡಕತ್ತರಿಯನ್ನು ಹೊಳೆಗೆ ಬಿಸಾಕಿ ಬರುತ್ತಿದ್ದೆ. ಅದು ಗೊತ್ತಿದ್ದೇ ಹೇಳಲಿಲ್ಲ. ಔಷಧ ನಮ್ಮವರದೇ, ಸುಣ್ಣ ಅಲ್ಲಾಸಾಬಣ್ಣನದೇ ಅಂತ ಬಾಟಲಿಯ ಮೇಲೆ ಬರೆದಿದ್ದರೂ ಅವರು ಕತ್ತರಿಸಿಯೇ ಕೊಡುತ್ತಿದ್ದರು, ಅಂಥ ಮನುಷ್ಯ. ಅಂಥವರು ಅಂತಲೇ ನಾನು ಅವರ ಜೊತೆ ಇಷ್ಟು ವರ್ಷ ಬಾಳಿದ್ದು. ಇದು ತಿಳಿದ ಕೂಡಲೇ ನನಗೆ ಅಳು ತಡೆಯಲಿಲ್ಲ. ನಡುರಸ್ತೆಯಲ್ಲಿ, ಗಾಡಿಯವರೆಲ್ಲ ನೋಡುತ್ತಿದ್ದ ಹಾಗೆಯೇ, ಬಾಯಿಬಿಟ್ಟು ಅತ್ತೆ. ಮಣ್ಣು ಕೊಟ್ಟ ದಿನವೂ ಹಾಗೆ ಅತ್ತಿರಲಿಲ್ಲ.

ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡೆ. ಚೀಲದಿಂದ ನೀರಿನ ಬಾಟಲಿ ತೆಗೆದೆ. ಗುಳಿಗೆಯ ಬಾಟಲಿಯ ಮುಚ್ಚಳ ತಿರುವಿ ಒಂದನ್ನು ಅಂಗೈಗೆ ಹಾಕಿಕೊಂಡೆ.

"ಅಲ್ಲಾಸಾಬಣ್ಣ, ಇತ್ತ ನೋಡ್ರಿ" ಅಂದೆ. "ನೀವು ತಿಂದ ಆ ಅರ್ಧಾ ಅವರದಲ್ಲ. ಅದು ನಂದು. ನನ್ನ ಪಾಲಿನ ಜೀವಾ ಅದು. ನನ್ನ ಒಂದ ಮಾತ ಕೇಳದ ನಿಮಗ ಕೊಟ್ಟಾರ."

ಅವರು ತಲೆ ಎತ್ತಿದರು. ಕಣ್ಣು ಕೆಂಪಾಗಿದ್ದವು.

"ಈಗ ನಾ ಕೊಡಾಕತ್ತೇನಿ. ತಗೋರಿ."

ಅವರು ಕೈ ಚಾಚಿದರು. ಆ ಇಡೀ ಗುಳಿಗೆ ಅವರ ಗಂಟಲಿನಿಂದ ಕೆಳಗಿಳಿಯುವವರೆಗೆ ನಾನು ಅಲ್ಲಿಂದ ಕದಲಲಿಲ್ಲ.